ಬೆಳಗಿನ ಮಾತ್ರೆ ಒಂಟಿಯಾಗಿ ಹೋಗಲಿ

ಕೇಳುಗರಿಗೆಲ್ಲ ನಮಸ್ಕಾರ.

ಥೈರಾಯ್ಡ್ ಬಗ್ಗೆ ಮಾತಾಡಿ ಅಂತ ರೇಡಿಯೋದವರು ಕರೆದಿದ್ದಾರೆ. ಅದು ಕತ್ತಿನಲ್ಲಿರುವ ಗ್ರಂಥಿ, ಚಿಟ್ಟೆಯ ಆಕಾರ ಅನ್ನುವುದನ್ನೆಲ್ಲ ನೀವು ಬೇಕಾದಷ್ಟು ಸಲ ಕೇಳಿದ್ದೀರಿ. ಅದನ್ನು ಬಿಡುತ್ತೇನೆ. ಗ್ರಂಥಿಯ ಕೆಲಸ ಮಂದವಾಗಿ, ಅದು ತಯಾರಿಸಬೇಕಾದ ಥೈರಾಕ್ಸಿನ್ ಹಾರ್ಮೋನನ್ನು ದಿನಾ ಮಾತ್ರೆಯಾಗಿ ನುಂಗುವವರ ಜೊತೆಗಷ್ಟೇ ಇವತ್ತು ನನ್ನ ಮಾತು. ಹೇಳುವುದೂ ಒಂದೇ. ಆ ಮಾತ್ರೆ ಹೊಟ್ಟೆಗೆ ಒಂಟಿಯಾಗಿ ಹೋಗಬೇಕು. ಜೊತೆಗೆ ನೀರು, ಬರೀ ನೀರು.

ಬೆಳಗ್ಗೆ ಎದ್ದ ಕೂಡಲೇ ಒಂದು ಲೋಟ ನೀರಿನಲ್ಲಿ ನುಂಗಿಬಿಡಿ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಬೇಡ. ನನ್ನನ್ನು ಕೇಳಿದರೆ ಒಂದು ಗಂಟೆ ಅಂತಲೇ ಹೇಳುತ್ತೇನೆ. ಅರ್ಧ ಗಂಟೆ ಅಂದರೆ ನೀವು ಹತ್ತು ನಿಮಿಷಕ್ಕೇ ಮುಗಿಸುತ್ತೀರಿ, ನನಗೆ ಗೊತ್ತು. "ಡಾಕ್ಟ್ರೇ, ಏನೂ ತಿನ್ನಲ್ಲ, ಒಂದು ಕಾಫಿ ಅಷ್ಟೇ" ಅನ್ನುತ್ತಾರೆ. ಕಾಫಿಯೂ ಬೇಡ. ಹಾಲು ಹಾಕದ ಕಾಫಿಯೂ ಬೇಡ. ಕಾಫಿ ಕುಡಿದರೆ ಔಷಧಿ ರಕ್ತಕ್ಕೆ ಸೇರುವುದು ಕಮ್ಮಿಯಾಗುತ್ತದೆ.

ಇನ್ನು ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು. ಇವಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಯಾಕೆ ಅಂತ ಕೇಳಿ. ಥೈರಾಕ್ಸಿನ್ ಅಳೆಯುವುದು ಮೈಕ್ರೋಗ್ರಾಂನಲ್ಲಿ. ನಿಮ್ಮ ಸೀಸೆಯ ಮೇಲೆ 100 ಅಂತ ಇದ್ದರೆ ಒಂದು ಗ್ರಾಂನ ಹತ್ತು ಸಾವಿರದಲ್ಲಿ ಒಂದು ಪಾಲು. ಕ್ಯಾಲ್ಸಿಯಂ ಮಾತ್ರೆಯಲ್ಲಿರುವುದು 500 ಮಿಲಿಗ್ರಾಂ, ಅಂದರೆ ಅದರ ಐದು ಸಾವಿರ ಪಟ್ಟು. ಎರಡೂ ಒಟ್ಟಿಗೆ ಕರುಳಿಗಿಳಿದರೆ ಆ ಐದು ಸಾವಿರದ ಗುಂಪು ಈ ಒಂಟಿ ಜೀವವನ್ನು ಹಿಡಿದುಕೊಳ್ಳುತ್ತದೆ. ಅಂಟಿಕೊಂಡದ್ದು ರಕ್ತಕ್ಕೆ ಹೋಗುವುದಿಲ್ಲ, ಮಲದಲ್ಲಿ ಹೋಗುತ್ತದೆ. ಕಬ್ಬಿಣದ್ದೂ ಇದೇ ಕಥೆ. ಎಷ್ಟೋ ಮಲ್ಟಿವಿಟಮಿನ್ ಮಾತ್ರೆಗಳಲ್ಲೂ ಇವು ಇರುತ್ತವೆ, ಮರೆಯಬೇಡಿ.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಟೀಚರ್ ವಿಷಯ ಹೇಳಲೇಬೇಕು. ಐವತ್ತು ದಾಟಿದವರು, ಬಹಳ ಶಿಸ್ತು. 50 ಮೈಕ್ರೋಗ್ರಾಂನಿಂದ ಶುರು ಮಾಡಿದೆ. ಟಿಎಸ್‌ಎಚ್, ಅಂದರೆ ಥೈರಾಕ್ಸಿನ್ ಸಾಲದಿದ್ದಾಗ ರಕ್ತದಲ್ಲಿ ಏರುವ ಹಾರ್ಮೋನು, ಇಳಿಯಲಿಲ್ಲ. 75 ಮಾಡಿದೆ, ಇಳಿಯಲಿಲ್ಲ. 100, ಆಮೇಲೆ 125. ಅವರಿಗೋ ಅದೇ ಸುಸ್ತು, ಅದೇ ಮಲಬದ್ಧತೆ, ಬಾಚಿದರೆ ಹಣಿಗೆ ತುಂಬ ಕೂದಲು. ಪ್ರತಿ ಸಲವೂ ನಾನು ಕೇಳುತ್ತಿದ್ದೆ: "ತಪ್ಪದೆ ತಗೊಳ್ತಿದ್ದೀರಾ?" ಅವರು ಕ್ಯಾಲೆಂಡರ್ ತೆಗೆದು ತೋರಿಸುತ್ತಿದ್ದರು. ದಿನದಿನಕ್ಕೂ ಗುರುತು ಹಾಕಿದ್ದರು, ಒಂದು ದಿನವೂ ಬಿಟ್ಟಿರಲಿಲ್ಲ.

ಒಂದು ಗುರುವಾರ ಪ್ರಯಾಣ ಮುಗಿಸಿ ನೇರ ನನ್ನ ಹತ್ತಿರವೇ ಬಂದರು. ಚೀಲದಲ್ಲಿ ಮಾತ್ರೆ ಡಬ್ಬಿ ಇತ್ತು, ವಾರಕ್ಕೆ ಏಳು ಖಾನೆ ಇರುತ್ತದಲ್ಲ, ಅದು. ಯಾಕೋ ಶುಕ್ರವಾರದ ಮುಚ್ಚಳ ತೆಗೆಯಿರಿ ಅಂದೆ. ಅಂಗೈಗೆ ಸುರಿದರು. ಸಾಸಿವೆಗಿಂತ ಸ್ವಲ್ಪ ದೊಡ್ಡದೊಂದು ಬಿಳಿ ಮಾತ್ರೆ, ಅದಕ್ಕೆ ಒತ್ತಿಕೊಂಡು ಹುಣಸೆಬೀಜದಷ್ಟು ದಪ್ಪದ ಕ್ಯಾಲ್ಸಿಯಂ, ಪಕ್ಕದಲ್ಲಿ ಕೆಂಪಗೆ ಕಬ್ಬಿಣ. "ಮೂರನ್ನೂ ಒಟ್ಟಿಗೇ ಹಾಕ್ಕೊಂಡುಬಿಡ್ತೀನಿ ಡಾಕ್ಟ್ರೇ, ಹೊಟ್ಟೆ ಉರಿಬಾರದು ಅಂತ ಹಾಲಿನ ಜೊತೆ."

ನಾನು ತಲೆ ಮೇಲೆ ಕೈಹೊತ್ತು ಕೂತೆ. ತಪ್ಪು ಅವರದಲ್ಲ. ತಗೊಳ್ತೀರಾ ಅಂತ ಕೇಳಿದ್ದೆನೇ ಹೊರತು ಹೇಗೆ ತಗೊಳ್ತೀರಿ ಅಂತ ಕೇಳಿರಲಿಲ್ಲ.

ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ, ಕಬ್ಬಿಣ ರಾತ್ರಿಗೆ ಹೋಯಿತು. ಬೆಳಗ್ಗೆ ಆ ಬಿಳಿ ಮಾತ್ರೆ ಒಂದೇ. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡೆ. ಏಳು ವಾರದ ಮೇಲೆ ಬಂದರು. ಎದೆ ಡವಗುಟ್ಟುತ್ತದಂತೆ, ನಿದ್ದೆ ಇಲ್ಲವಂತೆ, ಕೈ ಚಾಚಿ ಅಂದರೆ ಬೆರಳು ನಡುಗುತ್ತಿತ್ತು. ಡೋಸ್ ನಾನು 125ರಲ್ಲೇ ಬಿಟ್ಟಿದ್ದೆ! ಅಷ್ಟು ದಿನ ಅರ್ಧಕ್ಕರ್ಧ ಪೋಲಾಗುತ್ತಿದ್ದದ್ದು ಈಗ ಪೂರ್ತಿ ಒಳಗೆ ಹೋಗುತ್ತಿತ್ತು. 75ಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಆದ್ದರಿಂದ ಈ ಮಾತು ಕೇಳಿ ನಾಳೆಯಿಂದ ಸಮಯ ಬದಲಾಯಿಸುವವರು ನಿಮ್ಮ ವೈದ್ಯರಿಗೆ ತಿಳಿಸಿ, ಆರರಿಂದ ಎಂಟು ವಾರದೊಳಗೆ ಟಿಎಸ್‌ಎಚ್ ಮಾಡಿಸಿ. ಅದಕ್ಕೆ ಮುಂಚೆ ಮಾಡಿಸಿ ಪ್ರಯೋಜನವಿಲ್ಲ. ಇವತ್ತು ರಕ್ತಕ್ಕೆ ಸೇರಿದ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ನೀವು ಸರಿ ಮಾಡಿದ್ದೂ ತಪ್ಪು ಮಾಡಿದ್ದೂ ನಿಧಾನಕ್ಕೇ ಕಾಣಿಸುತ್ತದೆ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡು ನಿಮಿಷವೋ, ಎರಡೇ ಮಾತೋ ತಿಳಿಯದು. ಬೇಗ ಬೇಗ ಹೇಳುತ್ತೇನೆ.

ಬೆಳಗ್ಗೆ ಆಗುವುದೇ ಇಲ್ಲ ಅನ್ನುವವರು ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದು, ಊಟವಾಗಿ ಮೂರು ಗಂಟೆ ಕಳೆದಿರಬೇಕು. ಆಗಲೂ ಒಂಟಿಯಾಗಿಯೇ. ಎದೆಯುರಿಗೆ ಕುಡಿಯುವ ಆಂಟಾಸಿಡ್‌ಗೂ ನಾಲ್ಕು ಗಂಟೆಯ ಲೆಕ್ಕವೇ. ಗರ್ಭಿಣಿಯರೇ, ನಿಮಗೆ ಥೈರಾಕ್ಸಿನ್ ಹೆಚ್ಚು ಬೇಕಾಗುವ ಹೊತ್ತಿನಲ್ಲೇ ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಬರೆದುಕೊಡುತ್ತಾರೆ. ಮೂರನ್ನೂ ತೆಗೆದುಕೊಳ್ಳಿ, ಯಾವುದನ್ನೂ ಬಿಡಬೇಡಿ, ಹೊತ್ತು ಮಾತ್ರ ಬೇರೆ ಬೇರೆ ಇರಲಿ. ಕೂದಲಿಗೆ ಅಂತ ಬಯೋಟಿನ್ ನುಂಗುವವರು ಪರೀಕ್ಷೆಗೆ ರಕ್ತ ಕೊಡುವುದಕ್ಕೆ ಎರಡು ದಿನ ಮುಂಚೆ ನಿಲ್ಲಿಸಿ. ಅದು ಥೈರಾಕ್ಸಿನ್‌ಗೆ ಏನೂ ಮಾಡುವುದಿಲ್ಲ, ಪರೀಕ್ಷೆಯ ವರದಿಯನ್ನು ಕೆಡಿಸುತ್ತದೆ. ರಕ್ತ ಕೊಡುವ ದಿನ ಬೆಳಗ್ಗೆ ಥೈರಾಯ್ಡ್ ಮಾತ್ರೆಯನ್ನು ಜೊತೆಗೇ ಒಯ್ಯಿರಿ. ರಕ್ತ ಕೊಟ್ಟ ಮೇಲೆ ಅಲ್ಲೇ ನೀರು ಕೇಳಿ ನುಂಗಿ.

ಕಾಫಿ? ಅದಾಗಿ ಒಂದು ಗಂಟೆಗೆ.

ನಮಸ್ಕಾರ.