ಕಲ್ಲಿನ ಮೇಲೆ ಬೀಜದ ರಾಶಿ, ಹಾಕಿದ್ದು ಯಾರು?

ಈ ಕಲ್ಲನ್ನು ಒಮ್ಮೆ ನೋಡಿ. ಕಾಸರಗೋಡಿನ ಮುಳ್ಳೇರಿಯದಿಂದ ಸ್ವಲ್ಪ ಒಳಗೆ, ನಮ್ಮ ಗೇರುಗುಡ್ಡೆಯ ತುದಿಯಲ್ಲಿರುವ ಮುರಕಲ್ಲು ಇದು. ಮೊನ್ನೆ ಬೆಳಿಗ್ಗೆ ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗದಲ್ಲಿ ನೀರು ಬರ್ತಾ ಇದೆಯಾ ಅಂತ ನೋಡಲು ಹೋದಾಗ ಇದರ ಮೇಲೆ ಕಪ್ಪು ಬೀಜಗಳ ಒಂದು ಸಣ್ಣ ರಾಶಿ ಕಂಡಿತು. ಮಕ್ಕಳು ಆಟಕ್ಕೆ ಕೂಡಿಟ್ಟ ಹಾಗೆ. ಎಣಿಸಿದೆ, 27.

ಮೊದಲು ಆಡಿನ ಹಿಕ್ಕೆ ಅಂದುಕೊಂಡೆ. ಕಡ್ಡಿಯಿಂದ ಒತ್ತಿದರೆ ಕಲ್ಲಿನಷ್ಟು ಗಟ್ಟಿ. ಹತ್ತಿರದಿಂದ ತೋರಿಸ್ತೇನೆ, ಕ್ಯಾಮೆರಾ ಸ್ವಲ್ಪ ಅಲುಗಾಡಿದೆ. ಕೆಲವು ಪೂರ್ತಿ ಉರುಟು, ಕೆಲವು ಒಂದು ಬದಿ ಮಾತ್ರ ಚಪ್ಪಟೆ, ಗೋಲಿಯನ್ನು ಅರ್ಧಕ್ಕೆ ಕೊಯ್ದ ಹಾಗೆ. ಫೋಟೋ ನೋಡಿ ಗುರುತು ಹೇಳುವ ಆಪ್‌ಗೆ ಹಾಕಿದರೆ ಕಾಫಿ ಬೀಜ ಅಂತು. ನಮ್ಮಲ್ಲಿ ಕಾಫಿ ಗಿಡವೇ ಇಲ್ಲ ಮಾರಾಯ್ರೆ!

ಅಡಿಕೆ ಕೊಯ್ಯಲು ಬಂದಿದ್ದ ಅಣ್ಣ ದೂರದಿಂದಲೇ ನೋಡಿ, "ಅದು ಬೈನೆ ಅಕ್ಕ, ಮರಪ್ಪಟ್ಟಿ ತಿಂದು ಹಾಕಿದ್ದು" ಅಂದರು. ಮರಪ್ಪಟ್ಟಿ ಅಂದರೆ ಮಲಯಾಳದಲ್ಲಿ ಪುನುಗು ಬೆಕ್ಕು. ಆಗ ಆ ಚಪ್ಪಟೆ ಬದಿಯ ಗುಟ್ಟೂ ತಿಳಿಯಿತು. ಬೈನೆ ಹಣ್ಣಿನೊಳಗೆ ಒಂದೇ ಬೀಜ ಇದ್ದರೆ ಉರುಟಾಗಿ ಬೆಳೆಯುತ್ತದೆ, ಎರಡಿದ್ದರೆ ಒಂದಕ್ಕೊಂದು ಒತ್ತಿಕೊಂಡು ಚಪ್ಪಟೆ ಆಗುತ್ತದೆ.

ಬೈನೆ ಮರ ಗೊತ್ತಲ್ವಾ? ಎಲೆ ಮೀನಿನ ಬಾಲದ ಹಾಗೆ, ಹೂವಿನ ಗೊನೆ ಉದ್ದ ಜಡೆಯ ಹಾಗೆ, ಮೊದಲ ಗೊನೆ ತಲೆಯಲ್ಲಿ ಬಿಟ್ಟು ಆಮೇಲೆ ಒಂದೊಂದೇ ಕೆಳಗಿಳಿದು ಬಂದು ಕೊನೆಯದು ಹಣ್ಣಾದ ಮೇಲೆ ಮರವೇ ಸಾಯುತ್ತದೆ. ಖಾತ್ರಿ ಮಾಡಿಕೊಳ್ಳೋಣ ಅಂತ ತೋಟದ ಬದಿಯಲ್ಲಿ ಬಿದ್ದಿದ್ದ ಒಂದು ಹಣ್ಣನ್ನು ಬರಿಗೈಯಲ್ಲಿ ಹಿಸುಕಿದೆ. ನೀವು ಮಾಡಬೇಡಿ! ಬೆರಳ ಸಂದಿಯಲ್ಲಿ ಶುರುವಾದ ತುರಿಕೆ ಮಧ್ಯಾಹ್ನದ ಊಟದವರೆಗೂ ಇತ್ತು. ಕೆಸುವಿನ ಹಾಗೆ ಇದರ ತಿರುಳಲ್ಲೂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಅಮ್ಮ ಹುಣಸೆಹುಳಿ ನೀರಲ್ಲಿ ಕೈ ತೊಳೆಸಿದರು, ಜೊತೆಗೆ ಬೈಗುಳವೂ ಸಿಕ್ಕಿತು. 1753ರಲ್ಲಿ ಸಸ್ಯವಿಜ್ಞಾನಿ ಲಿನ್ನೇಯಸ್ ಬೈನೆಗೆ ಇಟ್ಟ ಹೆಸರು ಕ್ಯಾರಿಯೋಟಾ ಉರೆನ್ಸ್. ಲ್ಯಾಟಿನ್‌ನಲ್ಲಿ ಉರೆನ್ಸ್ ಅಂದರೆ ಉರಿಸುವಂಥದ್ದು. ನಮ್ಮ 'ಉರಿ'ಯೇ ಸಾಕಿತ್ತು.

ಹಿಸುಕಿದ ಹಣ್ಣಿಂದ ಬಂದ ಬೀಜ ರಾಶಿಯದ್ದರ ತದ್ರೂಪು. ಪುನುಗು ಬೆಕ್ಕು ಹಣ್ಣನ್ನು ಬೀಜ ಸಮೇತ ನುಂಗುತ್ತದೆ. ತಿರುಳು ಹೊಟ್ಟೆಯಲ್ಲಿ ಕರಗುತ್ತದೆ, ಬೀಜ ಹಾಗೇ ಹೊರಗೆ ಬರುತ್ತದೆ. ಕಲ್ಲು, ಬಿದ್ದ ಮರ, ಹೀಗೆ ತೆರೆದ ಜಾಗದಲ್ಲಿ ಹಿಕ್ಕೆ ಹಾಕುವುದು ಅದರ ಅಭ್ಯಾಸ. ಆಪ್ ಪೂರ್ತಿ ಸುಳ್ಳೂ ಹೇಳಲಿಲ್ಲ ಅನ್ನಿ, ಕೊಡಗಿನ ತೋಟಗಳಲ್ಲಿ ಪುನುಗು ಬೆಕ್ಕು ತಿಂದು ಹಾಕಿದ ಕಾಫಿ ಬೀಜವನ್ನೇ ಹೆಕ್ಕಿ ದುಬಾರಿ ಬೆಲೆಗೆ ಮಾರುತ್ತಾರೆ.

ಬಾವಲಿಯ ಲೆಕ್ಕ ಬೇರೆ. ದೊಡ್ಡ ಬೀಜ ಅದು ನುಂಗುವುದಿಲ್ಲ. ಹಣ್ಣನ್ನು ಕಚ್ಚಿಕೊಂಡು ಬೇರೆ ಮರಕ್ಕೆ ಹಾರಿ, ರಸ ಹೀರಿ, ನಾರು ಉಗಿದು, ಬೀಜ ಕೆಳಗೆ ಹಾಕುತ್ತದೆ. ಗುಡ್ಡೆಯ ಮೇಲಿನ ಗೇರುಬೀಜ ಪ್ರತಿ ವರ್ಷ ನಮ್ಮ ಅಂಗಳದ ಮಾವಿನ ಮರದ ಬುಡದಲ್ಲಿ ಸಿಗುವುದು ಹೀಗೆ. ಅಜ್ಜ ಬೆಳಗ್ಗೆ ಎದ್ದು ಹೆಕ್ಕುತ್ತಿದ್ದರು, "ಕೂಲಿ ಇಲ್ಲದ ಆಳು" ಅಂತ ನಗುತ್ತಿದ್ದರು. ಹಾಗಾಗಿ ಬೀಜ ಸಿಕ್ಕಿದರೆ ಬೀಜವನ್ನಷ್ಟೇ ನೋಡಬೇಡಿ, ಪಕ್ಕದಲ್ಲಿ ಏನಿದೆ ನೋಡಿ. ಜಗಿದು ಉಗಿದ ನಾರಿನ ಉಂಡೆ ಇದ್ದು ಮೇಲೆ ಕೊಂಬೆ ಇದ್ದರೆ ಬಾವಲಿಯೇ ಜಾಸ್ತಿ. ತಿರುಳಿನ ಚೂರೂ ಇಲ್ಲದ ಬೀಜ ಬಯಲು ಕಲ್ಲಿನ ಮೇಲೆ ಒಟ್ಟಿಗೆ ಬಿದ್ದಿದ್ದರೆ ಅದು ಹೊಟ್ಟೆಯಿಂದ ಬಂದದ್ದು.

ಇದು ಇವತ್ತು ಬೆಳಗ್ಗಿನ ವಿಡಿಯೋ. ಅದೇ ಕಲ್ಲು, ಹೊಸ ರಾಶಿ. ಈ ಸಲ ಸಣ್ಣ ಸಣ್ಣ ಕಪ್ಪು ಬೀಜ, ಮೈಯೆಲ್ಲ ಸುಕ್ಕು. ಪಪ್ಪಾಯಿ! ಹಿತ್ತಲ ಮರದಲ್ಲಿ ಅರ್ಧ ತಿಂದಿದ್ದ ಹಣ್ಣು ನೋಡಿ ಅಪ್ಪ ಮೂರು ದಿನದಿಂದ ಮಂಗಗಳಿಗೆ ಬೈತಾ ಇದ್ದಾರೆ.