ಈ ದುಡ್ಡಿಗೆ ಏನು ಕೆಲಸ ಆಯಿತು?

ಎಲ್ಲರಿಗೂ ನಮಸ್ಕಾರ. ನಾನು ವಕೀಲ. ಕೊಲೆ, ದರೋಡೆ ಕೇಸು ನಡೆಸುವ ವಕೀಲ ಅಲ್ಲ. ಕಂಪನಿ ಕಂಪನಿಗಳ ಜಗಳ ನನ್ನದು. ಮಾಲು ಕಳಿಸಿದೆವು, ದುಡ್ಡು ಬರಲಿಲ್ಲ. ಯಂತ್ರ ಕೊಟ್ಟರು, ಅದು ಓಡಲಿಲ್ಲ. ಇಂಥವು. ಕೇಳೋಕೆ ಬೇಜಾರು ಅನ್ನಿಸಬಹುದು. ನನಗಂತೂ ಇದರಷ್ಟು ಮಜಾ ಇರುವ ಕೆಲಸ ಇನ್ನೊಂದಿಲ್ಲ.

ಇಂಥ ವಕೀಲ ಭ್ರಷ್ಟಾಚಾರದ ಕೇಸಿಗೆ ಹೇಗೆ ಹೋದ ಅಂತ ಕೇಳುತ್ತಾರೆ. ನಾನು ಹೋಗಲಿಲ್ಲ, ಅದೇ ಬಂತು. ಲಂಚ ಯಾವತ್ತೂ ತನ್ನ ಹೆಸರು ಹೇಳಿಕೊಂಡು ಬರೋದಿಲ್ಲ ಅಲ್ವಾ? ಬಿಲ್ಲಾಗಿ ಬರುತ್ತದೆ. ಸಲಹಾ ಶುಲ್ಕ, ಕಮಿಷನ್, ಮಾರುಕಟ್ಟೆ ಸಮೀಕ್ಷೆ ಅಂತ ಬರುತ್ತದೆ. ಅದಕ್ಕೇ ನಾನು ಕೇಳುವುದು ಒಂದೇ ಪ್ರಶ್ನೆ. ಈ ದುಡ್ಡಿಗೆ ಏನು ಕೆಲಸ ಆಯಿತು?

ಈ ಪ್ರಶ್ನೆ ನನ್ನದಲ್ಲ. ಎಲ್ಲಿ ಸಿಕ್ಕಿತು ಅಂತ ಹೇಳುತ್ತೇನೆ, ಸ್ವಲ್ಪ ಉದ್ದದ ಕಥೆ. ನಾನಾಗ ಕಿರಿಯ ವಕೀಲ. ಪಂಪು ಮಾರುವ ಒಂದು ಕಂಪನಿ ನಮ್ಮ ಕಕ್ಷಿದಾರ. ಅವರ ಮೇಲೆ ಒಬ್ಬ ಏಜೆಂಟ್ ದಾವೆ ಹಾಕಿದ್ದ. ಟೆಂಡರ್ ಗೆಲ್ಲಿಸಿಕೊಟ್ಟಿದ್ದೇನೆ, ಶೇಕಡಾ 8 ಕಮಿಷನ್ ಮಾತಾಗಿತ್ತು, ಅರ್ಧ ಕೊಟ್ಟು ಸುಮ್ಮನಾಗಿದ್ದಾರೆ ಅಂತ. ಸಾದಾ ವಸೂಲಿ ದಾವೆ. ನಮ್ಮ ಹಿರಿಯರು 14 ಪೆಟ್ಟಿಗೆ ಕಾಗದ ತೋರಿಸಿ "ಓದು" ಅಂದರು. ಅಷ್ಟೇ ಅಂದದ್ದು.

ಮೂರು ವಾರ ಓದಿದೆ. ಒಪ್ಪಂದ ಸರಿಯಿತ್ತು, ಸಹಿ ಸರಿಯಿತ್ತು. ಏಜೆಂಟ್ ಮಾಡಿದ ಕೆಲಸಕ್ಕೆ ಪುರಾವೆಯಾಗಿ ಒಂದು ವರದಿ ಇತ್ತು, 40 ಪುಟ, ಚೆಂದದ ಬೈಂಡಿಂಗ್. ಯಾರೂ ಬಿಚ್ಚಿ ನೋಡಿರಲಿಲ್ಲ ಅನ್ನೋದು ಅದರ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ನಾನು ಬಿಚ್ಚಿದೆ. ಪಂಪು, ಪಂಪು, ಪಂಪು ಅಂತ ಹೋಗುತ್ತಿದ್ದ ವರದಿ 31ನೇ ಪುಟದಲ್ಲಿ "ಈ ಹಾಸಿಗೆಗಳು ದೊಡ್ಡ ಆಸ್ಪತ್ರೆಗಳಿಗೆ ತಕ್ಕವು" ಅಂದುಬಿಟ್ಟಿತು! ಬೇರೆ ಯಾರಿಗೋ ಬರೆದದ್ದರಲ್ಲಿ ಹಾಸಿಗೆ ತೆಗೆದು ಪಂಪು ಹಾಕಿದ್ದರು, ಒಂದು ಕಡೆ ಮರೆತಿದ್ದರು. ತಾರೀಕು ನೋಡಿದೆ. ಟೆಂಡರ್ ಮುಗಿದ ಎರಡು ವಾರಕ್ಕೆ ಬರೆದದ್ದು.

ಆಮೇಲೆ ಮೊದಲ ಬಿಲ್ಲು ಸಿಕ್ಕಿತು. ಅದರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ "ಏನು ಕೆಲಸ?" ಅಂತ ಬರೆದಿತ್ತು. ಲೆಕ್ಕಪತ್ರ ವಿಭಾಗದ ಗುಮಾಸ್ತ ಬರೆದದ್ದು. ಉತ್ತರ ಇರಲಿಲ್ಲ. ಬಿಲ್ಲು ಪಾಸಾಗಿತ್ತು.

ಕೇಸು ಗೆದ್ದೆ ಅಂತ ಹಿಗ್ಗಿ ಹಿರಿಯರ ಹತ್ತಿರ ಓಡಿದೆ. ಅವರು ನಗಲಿಲ್ಲ. "ಅರ್ಧ ದುಡ್ಡು ಕೊಟ್ಟವರು ಯಾರಪ್ಪ?" ಅಂದರು. ಹೌದಲ್ವಾ, ನಮ್ಮ ಕಕ್ಷಿದಾರರೇ! ಅವರನ್ನು ಕರೆಸಿ, ಆ ದುಡ್ಡು ಆಮೇಲೆ ಯಾರ ಕೈಗೆ ಹೋಯಿತು ಅಂತ ಕೇಳಿದಾಗ ನಿರ್ದೇಶಕರು ಸಿಟ್ಟಾದರು. ನೀವು ನಮ್ಮ ವಕೀಲರೋ ಎದುರಿನವರ ವಕೀಲರೋ ಅಂದರು. ಕೊನೆಗೆ ಒಳತನಿಖೆ ಮಾಡಿಸಿ ತಾವೇ ಹೋಗಿ ತನಿಖಾ ಸಂಸ್ಥೆಗೆ ತಿಳಿಸಿದರು. ಏಜೆಂಟ್ ದಾವೆ ವಾಪಸ್ ತೆಗೆದುಕೊಂಡ. ಗುಮಾಸ್ತನನ್ನು ಹುಡುಕಿದೆ. ಪೆನ್ಸಿಲಿನಲ್ಲಿ ಬರೆದ ಮರು ತಿಂಗಳೇ ಅವನನ್ನು ಬೇರೆ ವಿಭಾಗಕ್ಕೆ ಹಾಕಿದ್ದರು.

ನೋಡಿ, ಇದರಲ್ಲೇ ಸಮಯ ಹೋಯಿತು. ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹೊರದೇಶದ ಅಧಿಕಾರಿಗೆ ಲಂಚ ಕೊಡೋದು ಅಪರಾಧ ಅಂತ ಅಮೆರಿಕ 1977ರಲ್ಲೇ ಕಾನೂನು ಮಾಡಿತು. ಜರ್ಮನಿಯಲ್ಲಿ 1999ರ ತನಕ ಹೊರದೇಶದಲ್ಲಿ ಕೊಟ್ಟ ಲಂಚವನ್ನು ಖರ್ಚು ಅಂತ ತೋರಿಸಿ ತೆರಿಗೆ ಉಳಿಸಬಹುದಿತ್ತು, ನಂಬುತ್ತೀರಾ? ಅದೇ ದೇಶದ ಸೀಮೆನ್ಸ್ ಕಂಪನಿ 2008ರಲ್ಲಿ ಎರಡೂ ದೇಶಗಳಿಗೆ ಸೇರಿ ಸುಮಾರು 160 ಕೋಟಿ ಡಾಲರ್ ದಂಡ ಕಟ್ಟಿತು. ಅಲ್ಲೂ ಸಲಹೆಗಾರರ ಹೆಸರಿನ ಒಪ್ಪಂದಗಳೇ. ಬ್ರಿಟನ್ನಿನ 2010ರ ಕಾನೂನಿನಲ್ಲಂತೂ ಲಂಚ ತಡೆಯದೆ ಹೋದ ಕಂಪನಿಯೇ ಅಪರಾಧಿ. ತಡೆಯೋಕೆ ಸರಿಯಾದ ವ್ಯವಸ್ಥೆ ಮಾಡಿದ್ದೆವು ಅಂತ ತೋರಿಸಿದರೆ ಮಾತ್ರ ಬಚಾವು.

ಹುಡುಗರು ಬಂದು ಕೋರ್ಟಿನಲ್ಲಿ ಗುಡುಗೋದು ಹೇಗೆ ಸಾರ್ ಅಂತ ಕೇಳುತ್ತಾರೆ. ಗುಡುಗಬೇಡ್ರಪ್ಪ, ಬಿಲ್ಲು ಓದಿ. ನೈಜೀರಿಯಾದ ಕೇಸು ನೋಡಿ. ಪಿ ಅಂಡ್ ಐಡಿ ಅನ್ನೋ ಕಂಪನಿ 2010ರಲ್ಲಿ ಆ ಸರ್ಕಾರದ ಜೊತೆ ಅನಿಲ ಘಟಕದ ಒಪ್ಪಂದ ಮಾಡಿಕೊಂಡಿತು. ಘಟಕ ಕಟ್ಟಲೇ ಇಲ್ಲ. ಆದರೂ ಲಾಭ ಹೋಯಿತು ಅಂತ ಹೇಳಿ 2017ರಲ್ಲಿ ಮಧ್ಯಸ್ಥಗಾರರಿಂದ, ಅಂದರೆ ಕೋರ್ಟಿನ ಬದಲು ಜಗಳ ತೀರಿಸೋಕೆ ಕೂತವರಿಂದ, 660 ಕೋಟಿ ಡಾಲರ್ ತೀರ್ಪು ಪಡೆಯಿತು. ಬಡ್ಡಿ ಸೇರಿ ಅದು 1,100 ಕೋಟಿ ದಾಟಿತು. ಆಮೇಲೆ ಸರ್ಕಾರದ ವಕೀಲರು ಬ್ಯಾಂಕ್ ದಾಖಲೆಗಳನ್ನು ಒಂದೊಂದೇ ತರಿಸಿಕೊಂಡು ಓದಿದರು. ಒಪ್ಪಂದ ನೋಡಿಕೊಂಡ ಅಧಿಕಾರಿಗೆ ದುಡ್ಡು ಸಂದಾಯವಾಗಿತ್ತು. ಅಕ್ಟೋಬರ್ 2023ರಲ್ಲಿ ಲಂಡನ್ನಿನ ಹೈಕೋರ್ಟ್ ಆ ತೀರ್ಪು ವಂಚನೆಯಿಂದ ಪಡೆದದ್ದು ಅಂತ ಹೇಳಿತು, ಆಮೇಲೆ ಪೂರ್ತಿ ತಳ್ಳಿಹಾಕಿತು. ಆ ಸಂದಾಯಗಳಿಗೂ ಕಂಪನಿ ಕಾರಣ ಕೊಟ್ಟಿತ್ತು. ನ್ಯಾಯಾಧೀಶರು ನಂಬಲಿಲ್ಲ.

ನನ್ನ ಸಮಯ ಮುಗಿಯಿತು. ನಮಸ್ಕಾರ.