ಕೋಟೆಯೊಳಗೊಂದು ಸುತ್ತು, ಪೇಟೆಯಲ್ಲಿ ಇನ್ನೊಂದು

ಕೇಳುಗರಿಗೆ ನಮಸ್ಕಾರ.

ಮಡಿಕೇರಿಗೆ ನಾವು ಯಾಕೆ ಬರ್ತೇವೆ? ಕೋರ್ಟು ಕೆಲಸ, ಆಸ್ಪತ್ರೆ, ಬ್ಯಾಂಕು, ಶುಕ್ರವಾರದ ಸಂತೆ. ಕೋಟೆಯ ಪಕ್ಕದಲ್ಲೇ ಎಷ್ಟೋ ಸಲ ಹೋಗಿರುತ್ತೇವೆ. ಆದರೆ ಒಳಗಿರುವ ಮ್ಯೂಸಿಯಂಗೆ ಹೋಗಿದ್ದೀರಾ ಅಂತ ನಮ್ಮವರನ್ನೇ ಕೇಳಿ, ಶಾಲೆಯಲ್ಲಿದ್ದಾಗ ಟೀಚರ್ ಕರೆದುಕೊಂಡು ಹೋಗಿದ್ದರು ಅಂತಾರೆ, ಅಷ್ಟೆ. ಅದಕ್ಕೇ ಇವತ್ತಿನ ಮಾತು ಪ್ರವಾಸಿಗರಿಗಲ್ಲ, ನಮಗೆ.

ಕೋಟೆಯ ಕಥೆ ಗೊತ್ತಿರುವುದೇ. 1681ರಲ್ಲಿ ಕೊಡಗಿನ ರಾಜ ಮುದ್ದುರಾಜ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡ, ಮಣ್ಣಿನ ಕೋಟೆ ಕಟ್ಟಿಸಿದ. ಅದನ್ನು ಕಲ್ಲಿನ ಕೋಟೆ ಮಾಡಿದ್ದು ಟಿಪ್ಪು. ಜಾಫರಾಬಾದ್ ಅಂತ ಹೆಸರೂ ಇಟ್ಟ. 1790ರಲ್ಲಿ ಅದೇ ರಾಜಮನೆತನದ ದೊಡ್ಡವೀರರಾಜ ಕೋಟೆಯನ್ನು ವಾಪಸ್ ಪಡೆದ. ಈಗ ಒಳಗೆ ಕಾಣುವ ಅರಮನೆ ಅವನ ತಮ್ಮ ಲಿಂಗರಾಜನ ಕಾಲದ್ದು, 1812ರಿಂದ 14ರ ನಡುವೆ ಕಟ್ಟಿದ್ದು. ಗಡಿಯಾರ ಗೋಪುರ ಬ್ರಿಟಿಷರು ಆಮೇಲೆ ಸೇರಿಸಿದ್ದು. ಅಂಗಳದಲ್ಲಿ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ದೊಡ್ಡವು. ಅವುಗಳ ಬಗ್ಗೆ ಒಬ್ಬೊಬ್ಬರು ಒಂದೊಂದು ಕಥೆ ಹೇಳ್ತಾರೆ, ಯಾವುದನ್ನು ಬೇಕಾದರೂ ನಂಬಿಕೊಳ್ಳಿ.

ಮ್ಯೂಸಿಯಂ ಇರುವುದು ಹಳೆಯ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ. ಅಲ್ಲಿ ಮೊದಲು ವೀರಭದ್ರ ದೇವಸ್ಥಾನ ಇತ್ತು. ಅದನ್ನು ತೆಗೆದು ಬ್ರಿಟಿಷರು 1850ರ ದಶಕದಲ್ಲಿ ಚರ್ಚ್ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ ಪ್ರಾರ್ಥನೆ ನಿಂತಿತು, ಆಮೇಲೆ ಕಟ್ಟಡ ಪುರಾತತ್ವ ಇಲಾಖೆಗೆ ಬಂತು. ಹಾಗಾಗಿ ಬಣ್ಣದ ಗಾಜಿನ ಕಿಟಕಿಯಿಂದ ಬೆಳಕು ಬೀಳುವುದು ಜಿನಬಿಂಬಗಳ ಮೇಲೆ, ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳ ಮೇಲೆ! ನನ್ನ ಮಟ್ಟಿಗೆ ಒಳಗಿರುವ ಯಾವ ವಸ್ತುವಿಗಿಂತಲೂ ಆ ಕಟ್ಟಡವೇ ದೊಡ್ಡ ಪ್ರದರ್ಶನ.

ವೀರಗಲ್ಲುಗಳ ಹತ್ತಿರ ಮಾತ್ರ ಅವಸರ ಮಾಡಬೇಡಿ. ಹಳೆಯ ಕತ್ತಿ ಬಂದೂಕು ನೋಡಿ ಮಕ್ಕಳು ಆ ಕಡೆ ಓಡ್ತಾರೆ, ಓಡಲಿ. ನೀವು ಕಲ್ಲಿನ ಮುಂದೆ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗಿನ ಸಾಲಿನಲ್ಲಿ ಜಗಳ, ದನ ಕಾಯಲು ಹೋದವನೋ ಊರು ಕಾಯಲು ನಿಂತವನೋ ಹೊಡೆದಾಡುತ್ತಿರುತ್ತಾನೆ, ಅದರ ಮೇಲೆ ಅಪ್ಸರೆಯರು ಅವನನ್ನು ಕೈಹಿಡಿದು ಕರೆದೊಯ್ಯುತ್ತಾರೆ, ಎಲ್ಲಕ್ಕಿಂತ ಮೇಲೆ ದೇವರ ಮುಂದೆ ಕೂತಿರುತ್ತಾನೆ. ಹೀಗೆ ಓದುವುದು ಒಮ್ಮೆ ಗೊತ್ತಾದರೆ, ನಿಮ್ಮ ಊರಿನ ದೇವರಕಾಡಿನ ಹತ್ತಿರವೋ ಗದ್ದೆ ಬದುವಿನಲ್ಲೋ ಅಂಥದ್ದೊಂದು ಕಲ್ಲಿದ್ದರೆ ಅದನ್ನೂ ಓದಬಹುದು, ಅಲ್ವಾ?

ಆಮೇಲೆ ಓಂಕಾರೇಶ್ವರ ದೇವಸ್ಥಾನದ ಕಡೆಗೆ ನಡೆದುಬಿಡಿ, ಕಾರು ಬೇಡ. 1820ರಲ್ಲಿ ಲಿಂಗರಾಜ ಕಟ್ಟಿಸಿದ್ದು. ಮೇಲೆ ಗುಮ್ಮಟ, ಮೂಲೆಗಳಲ್ಲಿ ಮಿನಾರು, ಮುಂದೆ ಕೆರೆ, ಕೆರೆಯ ಮಧ್ಯೆ ಮಂಟಪ. ಮೀನಿಗೆ ಕಡ್ಲೆಪುರಿ ಹಾಕೋ ಗಡಿಬಿಡಿಯಲ್ಲಿ ಗುಮ್ಮಟದ ಕಡೆ ತಲೆ ಎತ್ತುವವರು ಕಡಿಮೆ.

ಅದೇ ಥರದ ಗುಮ್ಮಟಗಳು ಮಹದೇವಪೇಟೆ ದಾಟಿ ಹೋದರೆ ಗದ್ದಿಗೆಯಲ್ಲಿ, ಅಂದರೆ ರಾಜರ ಸಮಾಧಿಗಳಿರುವ ಜಾಗದಲ್ಲಿ ಸಿಗುತ್ತವೆ. ದೊಡ್ಡವೀರರಾಜ ಮತ್ತು ಅವನ ರಾಣಿ ಮಹದೇವಮ್ಮನ ಸಮಾಧಿ ಒಂದು, ಲಿಂಗರಾಜನದು ಇನ್ನೊಂದು. ಲಿಂಗರಾಜನದನ್ನು ಕಟ್ಟಿಸಿದ್ದು ಮಗ ಚಿಕ್ಕವೀರರಾಜ. ಮೂಲೆಗಳಲ್ಲಿ ಬಸವ ಕೂತಿದ್ದಾನೆ. ಹತ್ತಿರದಲ್ಲೇ ಸೇನಾನಿ ಬಿದ್ದಂಡ ಬೋಪು ಸಮಾಧಿಯೂ ಇದೆ. ಅಪ್ಪನಿಗೆ ಇಷ್ಟು ಚೆನ್ನಾಗಿ ಕಟ್ಟಿಸಿದ ಚಿಕ್ಕವೀರರಾಜನಿಗೆ ಈ ಊರಿನಲ್ಲಿ ಜಾಗ ಸಿಗಲಿಲ್ಲ ನೋಡಿ. 1834ರಲ್ಲಿ ಬ್ರಿಟಿಷರು ಅವನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು. ಅವನು 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್‌ಗೆ ಹೋದ, ಈಸ್ಟ್ ಇಂಡಿಯಾ ಕಂಪನಿಯ ಮೇಲೆ ದುಡ್ಡಿಗಾಗಿ ಕೇಸು ಹಾಕಿದ, ಅಲ್ಲೇ ತೀರಿಕೊಂಡ. ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಗದ್ದಿಗೆ ನೋಡಿ, ಬೇರೆಯೇ ಕಾಣುತ್ತದೆ.

ಕಾಲಿಗೆ ಶಕ್ತಿ ಉಳಿದಿದ್ದರೆ ಸನ್ನಿ ಸೈಡ್‌ಗೂ ಹೋಗಿ, ಜನರಲ್ ತಿಮ್ಮಯ್ಯನವರ ಮನೆ. 2021ರಿಂದ ಮ್ಯೂಸಿಯಂ. 1948ರಲ್ಲಿ ಕಾಶ್ಮೀರದಲ್ಲಿ ಹನ್ನೊಂದು ಸಾವಿರ ಅಡಿಗೂ ಎತ್ತರದ ಜೊಜಿಲಾ ಕಣಿವೆದಾರಿಗೆ ಟ್ಯಾಂಕ್ ಹತ್ತಿಸಿದವರು ಅವರು. ಶತ್ರುವಿಗೆ ಸುಳಿವು ಸಿಗಬಾರದು ಅಂತ ಟ್ಯಾಂಕಿನ ಮೇಲ್ಭಾಗ ಬಿಚ್ಚಿ ಸಾಗಿಸಿದ್ದರಂತೆ. ಅದಕ್ಕಿಂತ ನನಗೆ ಕುತೂಹಲ ಇನ್ನೊಂದು ವಿಷಯದಲ್ಲಿ. ಎರಡನೇ ಮಹಾಯುದ್ಧದಲ್ಲಿ ತಿಮ್ಮಯ್ಯ ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿದ್ದು ಬರ್ಮಾದಲ್ಲಿ ಹೋರಾಡಿದರು, ಅವರ ಒಡಹುಟ್ಟಿದ ಪೊನ್ನಪ್ಪ ಸುಭಾಷರ ಸೈನ್ಯ ಸೇರಿದರು. ಒಂದೇ ಮನೆ! ಆ ಕೋಣೆಗಳಲ್ಲಿ ನಡೆಯುವಾಗ ಊಟದ ಹೊತ್ತಿಗೆ ಏನು ಮಾತಾಡುತ್ತಿದ್ದರೋ ಅಂತ ಅನಿಸದೆ ಇರುವುದಿಲ್ಲ.

ಸೋಮವಾರ ಕೋಟೆ ಮ್ಯೂಸಿಯಂ ಬಾಗಿಲು ಹಾಕಿರುತ್ತದೆ. ಶುಕ್ರವಾರ ಸಂತೆಯ ದಿನ, ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಮಳೆಗಾಲವಾದರೆ ಕೊಡೆ ಹೇಗೂ ಕೈಯಲ್ಲೇ ಇರುತ್ತದೆ, ಹೊರಟುಬಿಡಿ. ನಿಮ್ಮ ಮನೆಯ ಹಿರಿಯರೊಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಆ ಹಳೆಯ ಕತ್ತಿಗಳ ಮುಂದೆ ಅವರ ಬಾಯಲ್ಲಿ ಬರೋ ಕಥೆ ಯಾವ ಫಲಕದಲ್ಲೂ ಬರೆದಿರುವುದಿಲ್ಲ.

ನಮಸ್ಕಾರ.